ಹೇಳಿಟ್ಟ ಮಾತು: ‘ಕಾಲ್‌ಬ್ಯಾಕ್’ ಎಂಬ ಒಂದು ಪಾಠ

ಶಾಲೆಯನ್ನು ನೋಡಲು ಬರುವ ಪೂರ್ವ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ನಮ್ಮನ್ನು ಪದೇಪದೇ ಕೇಳುವ ಪ್ರಶ್ನೆಯೊಂದುಂಟು: “ಕಂಪ್ಯೂಟರ್ ಕೋಣೆಯಲ್ಲಿ ನಮ್ಮ ಮಕ್ಕಳು ಏನನ್ನು ಕಲಿಯುತ್ತಾರೆ, ಟೀಚರಮ್ಮ?” ಯಾವತ್ತನ್ನೂ ವಿವರಿಸಲು ಈ ಸಂಚಿಕೆಯಲ್ಲಿ ಸ್ಥಳ ಸಾಲದು. ಆದಕಾರಣ ಮೇಲಿನ ತರಗತಿಯಲ್ಲಿ ನಡೆದ ಒಂದೇ ಪಾಠವನ್ನು ಇಲ್ಲಿ ಬರೆಯುತ್ತೇವೆ. ಅದರ ಹೆಸರು ‘ಕಾಲ್‌ಬ್ಯಾಕ್’. ಮರಳಿ ಕರೆಯುವುದು ಎಂದರ್ಥ.

ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯದಲ್ಲಿ ೧೯೯೩ನೆಯ ಇಸವಿಯಲ್ಲಿ ಮೂವರು ಪಂಡಿತರು ‘ಲುವಾ’ ಎಂಬ ಪುಟ್ಟ ಭಾಷೆಯೊಂದನ್ನು ನಿರ್ಮಿಸಿದರು. ಅಲ್ಲಿ ಮೊದಲೇ ‘ಸೋಲ್’ ಎಂಬ ಭಾಷೆಯಿತ್ತು. ಪೋರ್ಚುಗೀಸಿನಲ್ಲಿ ಸೋಲ್ ಎಂದರೆ ಸೂರ್ಯ, ಲುವಾ ಎಂದರೆ ಚಂದ್ರ. ಈ ಭಾಷೆಯೂ ಚಂದ್ರನಂತೆ ಮತ್ತೊಂದನ್ನು ಆಶ್ರಯಿಸಿ ಇರತಕ್ಕದ್ದು. ‘ಸಿ’ ಭಾಷೆಯಲ್ಲಿ ಬರೆದ ದೊಡ್ಡ ಪ್ರೋಗ್ರಾಮಿನೊಳಗೆ ಇದು ವಾಸಮಾಡುವುದು; ಸ್ಥಳಕೊಟ್ಟ ಆ ಪ್ರೋಗ್ರಾಮಿಗೆ ‘ಹೋಸ್ಟ್’, ಎಂದರೆ ಆತಿಥೇಯ, ಎಂದು ಹೆಸರು. ಆತಿಥೇಯನು ಭದ್ರ, ಆದರೆ ಸುಲಭವಾಗಿ ಬದಲಾಗನು. ದಿನದಿನಕ್ಕೆ ಬದಲಾಗುವ ಮಾತುಗಳನ್ನು ಲುವಾದಲ್ಲಿ ಬರೆದುಕೊಂಡರೆ ತಿದ್ದುವುದು ಹಗುರ.

ಅಭ್ಯಾಸಕ್ಕಾಗಿ ನಮ್ಮ ಹುಡುಗಿಯರು ಶಾಲೆಯ ಗಂಟೆಯನ್ನೇ ಆರಿಸಿಕೊಂಡರು. ಗಡಿಯಾರವನ್ನು ನೋಡುತ್ತಿರುವ ಆತಿಥೇಯ ಭಾಗವನ್ನು ಗಣಿತದ ಉಪಾಧ್ಯಾಯಿನಿಯವರು ಬರೆದು, ಅದನ್ನು ಅಂಗಳದ ಸ್ಪೀಕರಿಗೆ ಜೋಡಿಸಿಕೊಟ್ಟರು. ಯಾವ ಹೊತ್ತಿಗೆ ಏನು ಮಾಡಬೇಕೆಂಬ ಲುವಾ ಭಾಗ ಹುಡುಗಿಯರದು. “೧೦ ಗಂಟೆಯಾದಾಗ ‘ಪ್ರಾರ್ಥನೆ’ ಎಂಬ ಫಂಕ್ಷನ್ನನ್ನು ಕರೆ” ಎಂದು ಅವರು ಆತಿಥೇಯನಿಗೆ ಹೇಳಿಟ್ಟು ಸುಮ್ಮನಾಗುತ್ತಾರೆ. ಹೊತ್ತು ಬಂದಾಗ ಅವನೇ ಮರಳಿ ಕರೆಯುತ್ತಾನೆ. ಕಾಲ್‌ಬ್ಯಾಕ್ ಎಂದರೆ ಇಷ್ಟೆ.

ಇಷ್ಟೆ ಎಂದೆವು, ಆದರೆ ಮೊದಲ ದಿನವೇ ಅರ್ಧ ತರಗತಿ ಎಡವಿತು. ಫಂಕ್ಷನ್ನಿನ ಹೆಸರಿನ ಮುಂದೆ ಆವರಣ ಚಿಹ್ನೆಗಳನ್ನು ಹಾಕಿದರೆ “ಈಗಲೇ ಮಾಡು” ಎಂದಾಗುತ್ತದೆ. ಹಾಕದೆ ಹೆಸರನ್ನು ಮಾತ್ರ ಕೊಟ್ಟರೆ “ಆಮೇಲೆ ಮಾಡಲು ಇಟ್ಟುಕೋ” ಎಂದಾಗುತ್ತದೆ. ಆವರಣ ಹಾಕಿದವರ ಗಂಟೆ ತಕ್ಷಣವೇ ಬಾರಿಸಿತು, ಹತ್ತು ಗಂಟೆಗೆ ಮೌನವಾಗಿತ್ತು.

ಎರಡನೆಯ ತೊಡಕು ಹೆಚ್ಚು ಆಳವಾದದ್ದು. ಅದನ್ನು ತಿಳಿಸಲು ನಾವು ತರಗತಿಯಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಯಿತು. ಹಲವು ವರ್ಷಗಳ ಕೆಳಗೆ ಬೋರ್ಡಿಂಗಿನ ಭಾರ ನಮ್ಮ ಮೇಲಿದ್ದಾಗ, ಹಳ್ಳಿಯಿಂದ ಬಂದ ತಾಯಿಯೊಬ್ಬಳು ಮಗಳನ್ನು ಬಿಟ್ಟುಹೋಗುತ್ತ, “ಮಗೂಗೆ ಜ್ವರ ಬಂದರೆ ಈ ಅಂಗಡಿಯವರಿಗೆ ಫೋನ್ ಮಾಡಿ ಅಮ್ಮ, ನಾನು ಬರ್ತೀನಿ” ಎಂದು ಹೇಳಿದಳು. ನಾವು ಸಂಖ್ಯೆಯನ್ನು ಚೀಟಿಯೊಂದರಲ್ಲಿ ಬರೆದು ಮೇಜಿನ ಮೇಲಿಟ್ಟೆವು. ಕೋಣೆ ಗುಡಿಸಿದವಳು ಅದನ್ನು ಕಸವೆಂದು ಎಣಿಸಿದಳು. ಅವಳ ತಪ್ಪೇನೂ ಇಲ್ಲ. ಆಶ್ವೀಜದಲ್ಲಿ ಜ್ವರ ಬಂದೇ ಬಂತು. ಎರಡು ರಾತ್ರಿ ಆ ಮಗು ಬಾಗಿಲನ್ನೇ ನೋಡುತ್ತ ಮಲಗಿತ್ತು. ತಾಯಿ ಬಂದದ್ದು ಮೂರನೆಯ ದಿನ, ಸಂತೆಗೆ ಬಂದವರ ಬಾಯಿಂದ ಕೇಳಿ. ಅವಳು ನಮಗೆ ಒಂದು ಮಾತನ್ನೂ ಆಡಲಿಲ್ಲ.

ಲುವಾದಲ್ಲಿಯೂ ಗುಡಿಸುವ ಏರ್ಪಾಡೊಂದಿದೆ. ಯಾರೂ ಹಿಡಿದುಕೊಂಡಿರದ ವಸ್ತುವನ್ನು ಅದು ಕಸವೆಂದು ತೆಗೆದುಬಿಡುತ್ತದೆ. ಆತಿಥೇಯನಿಗೂ ಲುವಾಕ್ಕೂ ನಡುವೆ ಕೊಡುಕೊಳ್ಳುವಿಕೆಯೆಲ್ಲ ‘ಸ್ಟ್ಯಾಕ್’ ಎಂಬ ಅಡಕಿನ ಮೂಲಕ, ತಟ್ಟೆಯ ಮೇಲೆ ತಟ್ಟೆ ಪೇರಿಸಿದಂತೆ. ಹುಡುಗಿ ಕೊಟ್ಟ ಫಂಕ್ಷನ್ ಆ ಅಡಕಿನ ಮೇಲೆ ಬರುತ್ತದೆ. ಆ ಕರೆ ಮುಗಿದೊಡನೆ ಅಡಕು ಬರಿದು. ಫಂಕ್ಷನ್ನಿಗೆ ಬೇರೆಲ್ಲಿಯೂ ಹೆಸರಿಲ್ಲದಿದ್ದರೆ ಅದೂ ಕಸ. ಆದುದರಿಂದ ಆತಿಥೇಯನು ‘ರೆಫ್’ ಎಂಬ ಉಪಕರಣದಿಂದ ಅದನ್ನು ‘ರಿಜಿಸ್ಟ್ರಿ’ಯಲ್ಲಿ ದಾಖಲಿಸಿ, ಒಂದು ಸಂಖ್ಯೆಯನ್ನು ಪಡೆದುಕೊಳ್ಳಬೇಕು. ದಾಖಲಾದದ್ದನ್ನು ಗುಡಿಸುವವಳು ಮುಟ್ಟಳು. ಆ ಜ್ವರದ ಬಳಿಕ ನಾವೂ ಬೋರ್ಡಿಂಗಿನಲ್ಲಿ ಒಂದು ದಪ್ಪ ರಿಜಿಸ್ಟರನ್ನು ತೆರೆದೆವು.

ಇನ್ನು ಕರೆಯುವ ಬಗೆ. ಹೊತ್ತು ಬಂದಾಗ ಆ ಸಂಖ್ಯೆಯಿಂದ ಫಂಕ್ಷನ್ನನ್ನು ಅಡಕಿನ ಮೇಲೆ ತಂದು, ಅದಕ್ಕೆ ಬೇಕಾದ ವಿಷಯಗಳನ್ನು ಮೇಲಿಟ್ಟು, ‘ಪಿಕಾಲ್’ ಎಂಬುದರಿಂದ ಕರೆಯುವುದು. ‘ಪಿ’ ಎಂದರೆ ಇಲ್ಲಿ ರಕ್ಷಣೆ. ರಕ್ಷಣೆಯಿಲ್ಲದೆ ಕರೆದಾಗ ಹುಡುಗಿಯ ಬರವಣಿಗೆಯಲ್ಲಿ ಒಂದು ದೋಷವಿದ್ದರೆ ಸಾಕು, ಆತಿಥೇಯ ಪ್ರೋಗ್ರಾಮೇ ನಿಂತುಹೋಗುತ್ತದೆ. ಊಟದ ಫಂಕ್ಷನ್ನಿನ ತಪ್ಪಿಗೆ ಸಾಯಂಕಾಲದ ಗಂಟೆಯೂ ಬಾರಿಸದು. ಪಿಕಾಲಿನಿಂದ ಕರೆದರೆ ದೋಷವು ಅಲ್ಲಿಯೇ ತಡೆಯಲ್ಪಟ್ಟು, ಅದರ ವಿವರ ಅಡಕಿನ ಮೇಲೆ ಬರುತ್ತದೆ. ಅದನ್ನು ಓದಿ ತೆಗೆಯಬೇಕು. ತೆಗೆಯದೆ ದಿನವೂ ಒಂದೊಂದನ್ನು ಬಿಟ್ಟರೆ ಅಡಕು ಬೆಳೆಯುತ್ತದೆ. ಲುವಾ ಮೊದಲಿಗೆ ಭರವಸೆ ಕೊಡುವುದು ೨೦ ಸ್ಥಾನಗಳಿಗೆ ಮಾತ್ರ. ಒಂದು ಕೊರತೆಯನ್ನೂ ಹೇಳಬೇಕು: ಮುಗಿಯದೆ ಸುತ್ತುವ ಫಂಕ್ಷನ್ನನ್ನು ಪಿಕಾಲ್ ತಡೆಯಲಾರದು. ಅದು ಮರಳುವ ತನಕ ಆತಿಥೇಯನು ಗಡಿಯಾರವನ್ನು ನೋಡದೆ ಕಾದೇ ಇರುತ್ತಾನೆ.

ಪರೀಕ್ಷೆಯ ವಾರದ ವಿಶೇಷ ಗಂಟೆ ಮುಗಿದ ಮೇಲೆ ಅದರ ದಾಖಲೆಯನ್ನು ‘ಅನ್‌ರೆಫ್’ ಎಂಬುದರಿಂದ ತೆಗೆಯುವುದು ವಾಡಿಕೆ. ಶಾಲೆ ಬಿಟ್ಟವಳ ಸಾಲಿಗೆ ಗೆರೆಯೆಳೆದ ಹಾಗೆ. ತೆರವಾದ ಸಂಖ್ಯೆಯನ್ನು ಲುವಾ ಮುಂದೆ ಬಂದವರಿಗೆ ಕೊಡುತ್ತದೆ. ಆತಿಥೇಯನು ಹಳೆಯ ಸಂಖ್ಯೆಯನ್ನು ಮರೆಯದೆ ಕರೆದರೆ ಏನಾದೀತು ಎಂದು ಹುಡುಗಿಯರು ಕೇಳಿದರು. ಮಾಡಿಯೇ ನೋಡಿರೆಂದೆವು. ಪ್ರಾರ್ಥನೆಯ ಹೊತ್ತಿಗೆ ಊಟದ ಗಂಟೆ ಬಾರಿಸಿತು. ಬೋರ್ಡಿಂಗಿನ ಚಿಕ್ಕವರೆಲ್ಲ ತಟ್ಟೆ ಹಿಡಿದು ಅಂಗಳಕ್ಕೆ ಓಡಿಬಂದರು.