ಹಸಿರು ಎರಡು ಸಲ ಬರುವುದೇಕೆ?

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ ವೆನೇಡಿಯಂ ದ್ರಾವಣಕ್ಕೆ ಸತುವಿನ ಪುಡಿ ಹಾಕಿದೆವು. ಹಳದಿ, ಹಸಿರು, ನೀಲಿ, ಮತ್ತೆ ಹಸಿರು, ಕೊನೆಗೆ ನೇರಳೆ ಬಂತು. ಪುಸ್ತಕದಲ್ಲಿ ನಾಲ್ಕೇ ಬಣ್ಣ ಇವೆ. ಹಸಿರು ಎರಡು ಸಲ ಯಾಕೆ?
– ಓದುಗರು, ಬೋರಾಮಣಿ

ಉತ್ತರ: ಪುಸ್ತಕವೂ ಸರಿ, ನಿಮ್ಮ ಕಣ್ಣೂ ಸರಿ. ಮೊದಲು ಕಂಡ ಹಸಿರು ಬೆರಕೆಯದು, ಎರಡನೆಯದು ಅಸಲಿ.

ಅಮೋನಿಯಂ ಮೆಟಾವೆನೇಡೇಟನ್ನು ಸಾರರಿಕ್ತ ಗಂಧಕಾಮ್ಲದಲ್ಲಿ ಕರಗಿಸಿದಾಗ ವೆನೇಡಿಯಂ +5 ಸ್ಥಿತಿಯಲ್ಲಿರುತ್ತದೆ, ಬಣ್ಣ ಹಳದಿ. ಸತುವಿನಿಂದ ಒಂದು ಎಲೆಕ್ಟ್ರಾನು ಪಡೆದ ಅಯಾನು +4ಕ್ಕಿಳಿದು ನೀಲಿಯಾಗುತ್ತದೆ. ಎಲ್ಲ ಅಯಾನುಗಳೂ ಒಮ್ಮೆಗೇ ಇಳಿಯುವುದಿಲ್ಲವಲ್ಲ! ಹಳದಿಯೂ ನೀಲಿಯೂ ಕೂಡಿರುವಷ್ಟು ಹೊತ್ತು ನಮಗೆ ಹಸಿರು ಕಾಣುತ್ತದೆ. ಹಳದಿ ಮುಗಿದರೆ ಶುದ್ಧ ನೀಲಿ. ಇನ್ನೊಂದು ಎಲೆಕ್ಟ್ರಾನು ಸಿಕ್ಕಾಗ ಬರುವ ಹಸಿರು ಮಾತ್ರ +3 ವೆನೇಡಿಯಂನ ಸ್ವಂತ ಬಣ್ಣ. ಮತ್ತೊಂದು ಸಿಕ್ಕರೆ +2, ನೇರಳೆ. ಸತು ತಾನು ಕರಗಿ ಬಣ್ಣವಿಲ್ಲದ ಅಯಾನಾಗುವುದರಿಂದ ಈ ಬಣ್ಣಗಳಲ್ಲಿ ಅದರ ಪಾಲಿಲ್ಲ.

ನನ್ನ ಮಾತನ್ನು ಹಾಗೇ ಒಪ್ಪಬೇಡಿ, ಲ್ಯಾಬಿನಲ್ಲೇ ಪರೀಕ್ಷಿಸಿ. ಸತುವಿನ ಬದಲು ಸೋಡಿಯಂ ಸಲ್ಫೈಟ್ ಬಳಸಿದರೆ ಬೆರಕೆ ಹಸಿರು ದಾಟಿ ನೀಲಿಗೆ ನಿಲ್ಲುತ್ತದೆ. ಎಷ್ಟು ಹಾಕಿದರೂ ಮುಂದೆ ಹೋಗದು. ತವರದ ಚೂರು ಹಾಕಿ ಬಿಸಿ ಮಾಡಿದರೆ ಅಸಲಿ ಹಸಿರಿನವರೆಗೆ ಬಂದು ನಿಲ್ಲುತ್ತದೆ. ನೇರಳೆ ಬರಬೇಕಾದರೆ ಅಪಕರ್ಷಕದ (ಎಲೆಕ್ಟ್ರಾನು ಕೊಡುವ ವಸ್ತುವಿನ) ವಿಭವ –0.26 ವೋಲ್ಟಿಗಿಂತ ಕೆಳಗಿರಬೇಕು. ತವರದ್ದು –0.14, ಸತುವಿನದು –0.76. ಪಠ್ಯದ ಹಿಂದಿನ ಪುಟಗಳಲ್ಲಿ ಸಪ್ಪೆಯಾಗಿ ಕಾಣುವ ಆ ವಿಭವದ ಪಟ್ಟಿ ಇಲ್ಲಿ ಕಣ್ಣೆದುರಿಗೇ ಬಣ್ಣವಾಗಿ ನಿಲ್ಲುತ್ತದೆ. ನನಗೆ ಈ ಪ್ರಯೋಗ ಪ್ರಿಯವಾಗಿರುವುದು ಇದಕ್ಕೇ.

ನೇರಳೆ ಬಂದ ಮೇಲೆ ಫ್ಲಾಸ್ಕಿನ ಬಾಯಿಗೆ ಹತ್ತಿಯಿಡಿ; ಗಾಳಿ ತಗುಲಿದರೆ ಅದು ಮತ್ತೆ ಹಸಿರಿಗೆ ಹೊರಳುತ್ತದೆ. ವೆನೇಡಿಯಂ ಲವಣಗಳು ವಿಷ, ಸತು–ಆಮ್ಲದಿಂದ ಹೈಡ್ರೋಜನ್ ಹೊಮ್ಮುತ್ತದೆ, ಸಲ್ಫೈಟಿನಿಂದ ಉಸಿರುಗಟ್ಟಿಸುವ ಅನಿಲ. ಕೈಗವಸು, ಕನ್ನಡಕ, ಅಧ್ಯಾಪಕರು ಮೂರೂ ಬೇಕು; ಹತ್ತಿರ ಬೆಂಕಿ ಬೇಡ. ಮನೆಯಲ್ಲಿ ಖಂಡಿತ ಮಾಡಬೇಡಿ.

1801ರಲ್ಲಿ ಮೆಕ್ಸಿಕೋದಲ್ಲಿ ಆಂದ್ರೆಸ್ ಮನುಯೆಲ್ ದೆಲ್ ರಿಯೋ ಈ ಧಾತುವನ್ನು ಮೊದಲು ಗುರುತಿಸಿದ್ದು ಅದರ ಬಣ್ಣಗಳಿಂದಲೇ. ಅದು ಬರೀ ಕ್ರೋಮಿಯಂ ಎಂದು ಇತರರು ಹೇಳಿದಾಗ ಆತ ಪಾಪ ಒಪ್ಪಿಬಿಟ್ಟ. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮ್ ಅದನ್ನೇ ಮತ್ತೆ ಕಂಡುಹಿಡಿದ.

ಈ ಧಾತು ನಿಮಗೆ ದೂರದ್ದೇನಲ್ಲ. ನಿಮ್ಮೂರಿನ ಎರೆಮಣ್ಣಿನಡಿಯ ಕರಿಕಲ್ಲೂ ಸುಮಾರು 6.6 ಕೋಟಿ ವರ್ಷ ಹಿಂದಿನ ದಖ್ಖನ್ ಲಾವಾ. ಅಂಥ ಕಲ್ಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಕೆಲವು ನೂರು ಭಾಗ ವೆನೇಡಿಯಂ ಇರುತ್ತದೆ. ಪುಣೆ ಬಳಿಯ ವಾಘೋಲಿಯ ಕಲ್ಲುಗಣಿಗಳಲ್ಲಿ ಇದೇ ಲಾವಾದ ಪೊಟರೆಗಳೊಳಗೆ ಕಾವನ್ಸೈಟ್ ಎಂಬ ಕಡುನೀಲಿ ಹರಳು ಸಿಗುತ್ತದೆ. ಅದರ ನೀಲಿಗೆ ಕಾರಣವೂ +4 ವೆನೇಡಿಯಂ, ನಿಮ್ಮ ಫ್ಲಾಸ್ಕಿನಲ್ಲಿ ಎರಡು ಹಸಿರುಗಳ ನಡುವೆ ಬಂದದ್ದೇ.