ಎಂಜಿನ್ನಿನ ಬಲವೂ ನೆಲದ ಹಿಡಿತವೂ

ಮುಂಗಾರು ಮಳೆ ಬಿಟ್ಟ ಮರುದಿನ ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಕಡೆ ತೆಂಗಿನ ತೋಟಗಳ ನಡುವೆ ನಡೆದುಹೋಗುವವರಿಗೆ ಈ ನೋಟ ಅಪರೂಪವಲ್ಲ. ಕಾಯಿ ತುಂಬಿದ ಟ್ರೇಲರನ್ನು ಕಟ್ಟಿಕೊಂಡ ಟ್ರ್ಯಾಕ್ಟರೊಂದು ತೋಟದ ತಗ್ಗಿನಲ್ಲಿ ನಿಂತುಬಿಟ್ಟಿರುತ್ತದೆ. ಚಾಲಕನು ಎಂಜಿನ್ನಿನ ವೇಗವನ್ನು ಹೆಚ್ಚಿಸುತ್ತಾನೆ. ಕಪ್ಪು ಹೊಗೆ ಏಳುತ್ತದೆ. ಹಿಂದಣ ದೊಡ್ಡ ಗಾಲಿಗಳು ತಿರುತಿರುಗಿ ಕೆಸರನ್ನು ಎರಚುತ್ತವೆ. ಗಾಡಿ ಮಾತ್ರ ಒಂದಂಗುಲವೂ ಮುಂದಕ್ಕೆ ಸಾಗುವುದಿಲ್ಲ. ಸುತ್ತ ನೆರೆದವರಲ್ಲಿ ಒಬ್ಬರು, “ಈ ಎಂಜಿನ್ನಿಗೆ ದಮ್ಮಿಲ್ಲ” ಎನ್ನುತ್ತಾರೆ. ಈ ಮಾತು ನಿಜವೆ? ದಮ್ಮಿಲ್ಲದ ಎಂಜಿನ್ನು ಗಾಲಿಗಳನ್ನು ಅಷ್ಟು ರಭಸದಿಂದ ತಿರುಗಿಸುವುದಾದರೂ ಹೇಗೆ?

ಸಾವಿರಾರು ಮೈಲಿಗಳಾಚೆ, ಅಮೆರಿಕದಲ್ಲಿ, ಕಾಲು ಮೈಲಿಯ ನೇರ ದಾರಿಯಲ್ಲಿ ಭಾರಿ ಎಂಜಿನ್ನಿನ ಕಾರುಗಳನ್ನು ಓಡಿಸಿ ಪಂದ್ಯ ಕಟ್ಟುವವರಿಗೂ ಇದೇ ಪ್ರಶ್ನೆ ಎದುರಾಯಿತು. ಕೆಸರಿನಲ್ಲಿ ಹೂತ ಟ್ರ್ಯಾಕ್ಟರಿಗೂ ಪಂದ್ಯದ ಕಾರಿಗೂ ಮೇಲುನೋಟಕ್ಕೆ ಯಾವ ಸಂಬಂಧವೂ ಕಾಣದು. ಆದರೆ ಎರಡನ್ನೂ ಆಳುವ ನಿಯಮಗಳು ಒಂದೇ. ಆ ನಿಯಮಗಳನ್ನು ಈ ಲೇಖನದಲ್ಲಿ ವಿಚಾರಮಾಡೋಣ. ಇದು ಕೇವಲ ಕುತೂಹಲದ ವಿಷಯವಲ್ಲ. ಇವನ್ನು ತಿಳಿಯದೆ ಪ್ರಾಣ ಕಳೆದುಕೊಂಡ ಚಾಲಕರುಂಟು.

ಗೇರು ಮಾಡುವ ಕೆಲಸ

ಸನ್ನೆಗೋಲಿನಿಂದ ಬಂಡೆಯನ್ನು ಎಬ್ಬಿಸುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಕೈಯಲ್ಲಿ ಹಿಡಿದ ತುದಿ ಒಂದು ಗಜದಷ್ಟು ಇಳಿದರೆ ಬಂಡೆ ಒಂದೆರಡು ಅಂಗುಲ ಮಾತ್ರ ಏಳುತ್ತದೆ. ದೂರದಲ್ಲಿ ನಷ್ಟವಾದದ್ದು ಬಲದಲ್ಲಿ ಲಾಭವಾಗುತ್ತದೆ. ಗೇರೆಂಬುದು ನಿಲ್ಲದೆ ತಿರುಗುತ್ತಿರುವ ಸನ್ನೆಗೋಲು. ಹದಿನೈದು ಹಲ್ಲುಗಳ ಚಿಕ್ಕ ಚಕ್ರವು ಅರುವತ್ತು ಹಲ್ಲುಗಳ ದೊಡ್ಡ ಚಕ್ರವನ್ನು ತಿರುಗಿಸಿದರೆ, ದೊಡ್ಡ ಚಕ್ರದ ವೇಗ ಕಾಲು ಪಾಲಿಗೆ ಇಳಿಯುತ್ತದೆ. ಅದರ ತಿರುಗುಬಲವು ನಾಲ್ಕು ಪಟ್ಟಾಗುತ್ತದೆ. ಬಲವನ್ನು ವೇಗದಿಂದ ಗುಣಿಸಿದರೆ ಬರುವುದೇ ಸಾಮರ್ಥ್ಯ. ಅದನ್ನು ಅಶ್ವಶಕ್ತಿಯಲ್ಲಿ ಅಳೆಯುತ್ತೇವೆ. ಯಾವ ಗೇರೂ ಅಶ್ವಶಕ್ತಿಯನ್ನು ಹೆಚ್ಚಿಸಲಾರದು. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರವಷ್ಟೆ ಅದರದು.

ಒಂದು ಲೆಕ್ಕವನ್ನು ಹಾಕಿನೋಡೋಣ. ಸುಮಾರು ೩೩ ಅಶ್ವಶಕ್ತಿಯ ಟ್ರ್ಯಾಕ್ಟರಿನ ಎಂಜಿನ್ನು ನಿಮಿಷಕ್ಕೆ ೨೦೦೦ ಸುತ್ತು ತಿರುಗುತ್ತ ೧೨ ಕಿಲೋ-ಮೀಟರಿನ ತಿರುಗುಬಲವನ್ನು, ಎಂದರೆ ಒಂದು ಮೀಟರು ಉದ್ದದ ತೋಳಿನ ತುದಿಯಲ್ಲಿ ೧೨ ಕಿಲೋ ಭಾರದಷ್ಟು ಬಲವನ್ನು, ಕೊಡುತ್ತದೆಂದಿಟ್ಟುಕೊಳ್ಳೋಣ. ಕೆಳಗಣ ಗೇರಿನಲ್ಲಿ ಎಂಜಿನ್ನು ೧೫೦ ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು ತಿರುಗಲಿ. ಹಲ್ಲುಗಳ ಉಜ್ಜಾಟದ ನಷ್ಟವನ್ನು ಬಿಟ್ಟರೆ, ಅಚ್ಚಿನಲ್ಲಿ ದೊರೆಯುವ ತಿರುಗುಬಲ ೧೮೦೦ ಕಿಲೋ-ಮೀಟರು. ಗಾಲಿಯ ತ್ರಿಜ್ಯ ೦.೬ ಮೀಟರಾದರೆ ಅದು ನೆಲವನ್ನು ಹಿಂದಕ್ಕೆ ತಳ್ಳುವ ಬಲ ೩೦೦೦ ಕಿಲೋ. ವೇಗ ಗಂಟೆಗೆ ೩ ಕಿಲೋಮೀಟರು. ಮೇಲಣ ಗೇರಿನಲ್ಲಿ ಎಂಜಿನ್ನಿನ ೧೫ ಸುತ್ತಿಗೆ ಗಾಲಿಯದು ಒಂದು ಸುತ್ತೆಂದರೆ ಬಲ ೩೦೦ ಕಿಲೋವಿಗೆ ಇಳಿಯುತ್ತದೆ, ವೇಗ ೩೦ ಕಿಲೋಮೀಟರಿಗೆ ಏರುತ್ತದೆ. ಎರಡರ ಗುಣಲಬ್ಧವೂ ಒಂದೇ ಎಂಬುದನ್ನು ಗಮನಿಸಬೇಕು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ೧೯೯೬ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರುಸೈಕಲ್ಲುಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರಿಗೆ ಈ ವ್ಯಾಪಾರ ಚೆನ್ನಾಗಿ ಗೊತ್ತು. ಚೈನಿನ ಮುಂದಣ ಹಲ್ಲುಚಕ್ರದಲ್ಲಿ ಒಂದು ಹಲ್ಲು ಕಡಮೆ ಮಾಡಿದರೆ ಗಾಡಿ ಏರನ್ನು ಸುಲಭವಾಗಿ ಹತ್ತುತ್ತದೆ. ಆದರೆ ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ನು ಹೆಚ್ಚು ಸುತ್ತು ತಿರುಗಬೇಕಾಗುತ್ತದೆ.

ನೆಲವು ಒಪ್ಪಬೇಕು

ಹಾಗಾದರೆ ೩೦೦೦ ಕಿಲೋ ಬಲವಿರುವ ಟ್ರ್ಯಾಕ್ಟರು ಕೆಸರಿನಲ್ಲಿ ಏಕೆ ನಿಂತಿತು? ಗಾಲಿಯು ತಾನೊಂದೇ ಗಾಡಿಯನ್ನು ಮುಂದಕ್ಕೆ ಒಯ್ಯಲಾರದು. ಅದು ನೆಲವನ್ನು ಹಿಂದಕ್ಕೆ ತಳ್ಳಬೇಕು. ನೆಲವು ಅಷ್ಟೇ ಬಲದಿಂದ ಗಾಲಿಯನ್ನು ಮುಂದಕ್ಕೆ ತಳ್ಳಬೇಕು. ನೆಲವು ಎಷ್ಟು ತಳ್ಳಬಲ್ಲದೆಂಬುದಕ್ಕೆ ಘರ್ಷಣೆಯೇ ಮಿತಿ. ಆ ಮಿತಿಯನ್ನು ನಾವು ಹಿಡಿತವೆಂದು ಕರೆಯೋಣ. ಗಾಲಿಯ ಮೇಲೆ ಬಿದ್ದ ಭಾರವನ್ನು ಘರ್ಷಣಾಂಕದಿಂದ ಗುಣಿಸಿದರೆ ಹಿಡಿತವು ಸ್ಥೂಲವಾಗಿ ತಿಳಿಯುತ್ತದೆ.

ನಮ್ಮ ಟ್ರ್ಯಾಕ್ಟರಿನ ತೂಕ ೧೮೦೦ ಕಿಲೋ. ಅದರಲ್ಲಿ ೧೨೦೦ ಕಿಲೋ ಹಿಂದಣ ಗಾಲಿಗಳ ಮೇಲೆ, ೬೦೦ ಕಿಲೋ ಮುಂದಣ ಗಾಲಿಗಳ ಮೇಲೆ ಎನ್ನೋಣ. ಗಟ್ಟಿಯಾದ ಒಣನೆಲದಲ್ಲಿ ಘರ್ಷಣಾಂಕ ೦.೭ ಆದರೆ ಹಿಡಿತ ೮೪೦ ಕಿಲೋ. ಜಾರುವ ಕೆಸರಿನಲ್ಲಿ ಅದು ೦.೩೫ಕ್ಕೆ ಇಳಿದರೆ ಹಿಡಿತ ೪೨೦ ಕಿಲೋ ಮಾತ್ರ. ಎಂಜಿನ್ನು ಕೊಡಬಲ್ಲದ್ದು ೩೦೦೦. ನೆಲವು ಸ್ವೀಕರಿಸುವುದು ೪೨೦. ಉಳಿದದ್ದೆಲ್ಲ ಕೆಸರನ್ನು ಎರಚುವುದರಲ್ಲಿ ವ್ಯಯವಾಗುತ್ತದೆ. ದಮ್ಮು ಕಡಮೆಯಾದದ್ದು ಎಂಜಿನ್ನಿಗಲ್ಲ, ನೆಲಕ್ಕೆ.

ಇನ್ನು ಎಳೆಯಬೇಕಾದದ್ದೆಷ್ಟು? ಗಟ್ಟಿ ರಸ್ತೆಯ ಮೇಲೆ ಗಾಲಿ ಉರುಳಲು ತೂಕದ ನೂರನೆಯ ಎರಡು ಪಾಲಿನಷ್ಟು ಬಲ ಸಾಕು. ಮೆತ್ತನೆಯ ನೆಲದಲ್ಲಿ ಗಾಲಿಯು ಹೂತು, ತನ್ನ ಮುಂದಿನ ದಿಣ್ಣೆಯನ್ನು ಸದಾ ಹತ್ತುತ್ತಿರಬೇಕಾದ್ದರಿಂದ ಹತ್ತನೆಯ ಒಂದು ಪಾಲು ಬೇಕಾದೀತು. ನಾಲ್ಕು ಟನ್ನಿನ ಟ್ರೇಲರಿಗೆ ೪೦೦ ಕಿಲೋ, ಟ್ರ್ಯಾಕ್ಟರಿನ ಸ್ವಂತ ತೂಕಕ್ಕೆ ೧೮೦ ಕಿಲೋ, ಒಟ್ಟು ೫೮೦ ಕಿಲೋ. ಹಿಡಿತವೋ ೪೨೦. ಗಾಡಿ ನಿಲ್ಲುವುದು ಸಹಜವೇ ಆಯಿತು. ಟ್ರೇಲರಿನ ಭಾರವನ್ನು ಅರ್ಧಕ್ಕೆ ಇಳಿಸಿದರೆ ಬೇಕಾದ ಬಲ ೩೮೦ ಆಗುತ್ತದೆ, ಗಾಡಿ ಹೊರಡುತ್ತದೆ. ಕಾಯಿಯನ್ನು ಅಟ್ಟಕ್ಕೆ ಎರಡು ಸಲ ಸಾಗಿಸುವುದು ಸೋಮಾರಿತನವಲ್ಲ, ಗಣಿತ.

ಎತ್ತಿನ ಗಾಡಿಯ ಗಾಲಿ ಕೆಸರಿನಲ್ಲಿ ಹೂತೀತೇ ಹೊರತು ನಿಂತಲ್ಲೇ ತಿರುಗದು. ಅಲ್ಲಿ ಗಾಲಿ ಎಳೆಯುವ ಅಂಗವಲ್ಲ. ನೆಲವನ್ನು ಹಿಡಿಯುವ ಕೆಲಸ ಎತ್ತಿನ ಗೊರಸಿನದು.

ಇನ್ನೊಂದು ಮಾತು. ಗಾಲಿಯು ಅಲ್ಪಸ್ವಲ್ಪ ಜಾರುವುದು ದೋಷವಲ್ಲ. ಹೊಲದಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಜಾರಿದಾಗಲೇ ಟ್ರ್ಯಾಕ್ಟರು ಚೆನ್ನಾಗಿ ಎಳೆಯುತ್ತದೆ. ಆ ಎಲ್ಲೆಯನ್ನು ಮೀರಿ ನಿಂತಲ್ಲೇ ತಿರುಗತೊಡಗಿದರೆ ಹಿಡಿತ ಕುಗ್ಗುತ್ತದೆ, ಗುಂಡಿ ಆಳವಾಗುತ್ತದೆ. ಒಂದು ಗಾಲಿ ಕೆಸರಿನಲ್ಲಿಯೂ ಇನ್ನೊಂದು ಗಟ್ಟಿನೆಲದಲ್ಲಿಯೂ ಇದ್ದರಂತೂ ಅಚ್ಚಿನೊಳಗಣ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟವು ಎರಡಕ್ಕೂ ಸಮಾನವಾದ ತಿರುಗುಬಲವನ್ನೇ ಹಂಚುವುದರಿಂದ, ಗಟ್ಟಿನೆಲದ ಗಾಲಿಗೂ ಕೆಸರಿನ ಗಾಲಿಯಷ್ಟೇ ಅಲ್ಪಬಲ ದೊರೆಯುತ್ತದೆ. ಆಗ ಎರಡು ಗಾಲಿಗಳನ್ನೂ ಒಂದುಗೂಡಿಸುವ ಬೀಗವನ್ನು ಒತ್ತುವುದೇ ಉಪಾಯ.

ಕಾಲು ಮೈಲಿಯ ಪಂದ್ಯ

ಈಗ ಅಮೆರಿಕದ ಪಂದ್ಯದ ಕಡೆಗೆ ತಿರುಗೋಣ. ನಿಂತಲ್ಲಿಂದ ಹೊರಟು ೧೩೨೦ ಅಡಿಯನ್ನು, ಎಂದರೆ ೪೦೨ ಮೀಟರನ್ನು, ಯಾರು ಮೊದಲು ಮುಟ್ಟುವರೋ ಅವರೇ ಗೆದ್ದವರು. ಇದಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರು. ಇದನ್ನು ಬೀದಿಯಿಂದ ತಪ್ಪಿಸಿ ನಿಯಮಬದ್ಧಗೊಳಿಸಲು ೧೯೫೧ರಲ್ಲಿ ಅಲ್ಲಿ ರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಯಿತು. ೧೯೬೪ರಲ್ಲಿ ಪಾಂಟಿಯಾಕ್ ಕಂಪೆನಿಯು ಮಧ್ಯಮ ಗಾತ್ರದ ಕಾರಿನಲ್ಲಿ ೩೮೯ ಘನ ಅಂಗುಲದ, ೩೨೫ ಅಶ್ವಶಕ್ತಿಯ ಎಂಜಿನ್ನನ್ನು ಕೂಡಿಸಿ ಜಿ.ಟಿ.ಓ. ಎಂಬ ಕಾರನ್ನು ಹೊರತಂದಿತು. ಇಂಥ ಕಾರುಗಳಿಗೆ ‘ಮಸಲ್ ಕಾರ್’ ಎಂಬ ಹೆಸರು ಬಂದಿತು.

ಈ ಕಾರಿನ ಹಿಂದಣ ಅಚ್ಚಿಗೆ ೩.೨೩ರ ಗೇರನ್ನಾಗಲಿ ೩.೯೦ರ ಗೇರನ್ನಾಗಲಿ ಆರಿಸಿಕೊಳ್ಳಬಹುದಾಗಿತ್ತು. ಎರಡನೆಯದೇ ಮೇಲೆಂದು ತೋರುವುದು ಸಹಜ. ಗಾಲಿಗೆ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಬಲ ದೊರೆಯುತ್ತದಷ್ಟೆ. ಆದರೆ ಲೆಕ್ಕವು ಬೇರೆ ಮಾತನ್ನು ಹೇಳುತ್ತದೆ. ಎಂಜಿನ್ನಿನ ಅತ್ಯಧಿಕ ತಿರುಗುಬಲ ಸುಮಾರು ೫೯ ಕಿಲೋ-ಮೀಟರು. ಮೊದಲನೆಯ ಗೇರನ್ನು ೨.೫ ಎಂದೂ ಗಾಲಿಯ ತ್ರಿಜ್ಯವನ್ನು ೦.೩೩ ಮೀಟರೆಂದೂ ಹಿಡಿದರೆ, ೩.೨೩ರ ಅಚ್ಚಿನಲ್ಲಿ ಸುಮಾರು ೧೪೪೦ ಕಿಲೋ, ೩.೯೦ರ ಅಚ್ಚಿನಲ್ಲಿ ಸುಮಾರು ೧೭೪೦ ಕಿಲೋ ಬಲ ಬರುತ್ತದೆ. ಕಾರಿನ ತೂಕ ೧೬೦೦ ಕಿಲೋ, ಹಿಂದಣ ಗಾಲಿಗಳ ಪಾಲು ೭೨೦ ಕಿಲೋ, ಘರ್ಷಣಾಂಕ ೦.೭ ಎಂದುಕೊಂಡರೆ ಹಿಡಿತ ೫೦೦ ಕಿಲೋವಿನ ಆಸುಪಾಸು. ಎರಡು ಅಚ್ಚುಗಳಲ್ಲಿಯೂ ಹೊರಡುವಾಗ ಬಲವು ಹಿಡಿತದ ಮೂರು ಪಟ್ಟಿನಷ್ಟಿದೆ! ಆದುದರಿಂದ ಸಾಮಾನ್ಯ ಟಯರಿನ ಮೇಲೆ ದೊಡ್ಡ ಸಂಖ್ಯೆಯ ಗೇರು ಹೊರಡುವಾಗ ಹೊಗೆಯನ್ನು ಹೆಚ್ಚಿಸುತ್ತದೆಯೇ ಹೊರತು ವೇಗವನ್ನಲ್ಲ. ಅದರ ಪ್ರಯೋಜನ ಕಾಣುವುದು ಮೂರನೆಯ, ನಾಲ್ಕನೆಯ ಗೇರುಗಳಲ್ಲಿ, ಬಲವು ಹಿಡಿತದ ಹತ್ತಿರಕ್ಕೆ ಇಳಿದ ಮೇಲೆ.

ಅನುಭವಿಗಳಾದ ಪಂದ್ಯಗಾರರು ಮೊದಲು ಹಿಡಿತವನ್ನು ಸಂಪಾದಿಸುತ್ತಾರೆ. ಗೀರುಗಳಿಲ್ಲದ, ಅಗಲವಾದ, ಮೆತ್ತನೆಯ ರಬ್ಬರಿನ ಟಯರನ್ನು ತೊಡಿಸುತ್ತಾರೆ. ಹೊರಡುವ ಮುನ್ನ ಅದನ್ನು ತಿರುಗಿಸಿ ಬಿಸಿಮಾಡಿ ಅಂಟುವಂತೆ ಮಾಡುತ್ತಾರೆ. ಅನಂತರವೇ ಗೇರಿನ ಆಯ್ಕೆ. ಗುರಿಯನ್ನು ಮುಟ್ಟುವ ಹೊತ್ತಿಗೆ ಎಂಜಿನ್ನು ತನ್ನ ಅತ್ಯಧಿಕ ಸಾಮರ್ಥ್ಯದ ಸುತ್ತಿನ ಬಳಿಯಲ್ಲಿರುವಂತೆ ಅದನ್ನು ಹೊಂದಿಸಬೇಕು. ಗೇರಿನ ಸಂಖ್ಯೆ ಚಿಕ್ಕದಾದರೆ ಎಂಜಿನ್ನು ಅಲ್ಲಿಯವರೆಗೆ ಏರುವುದೇ ಇಲ್ಲ; ದೊಡ್ಡದಾದರೆ ಗುರಿಗಿಂತ ಮುಂಚೆಯೇ ಅದರ ಉಸಿರು ಮುಗಿದಿರುತ್ತದೆ.

ಭಾರ ಹಿಂದಕ್ಕೆ ಸರಿದಾಗ

ಬಸ್ಸು ಥಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರೆ. ಅದರಂತೆಯೇ ಗಾಡಿ ಮುನ್ನುಗ್ಗುವಾಗ ಅದರ ಭಾರದ ಒಂದು ಪಾಲು ಮುಂದಣ ಗಾಲಿಗಳಿಂದ ಹಿಂದಣ ಗಾಲಿಗಳಿಗೆ ಸರಿಯುತ್ತದೆ. ನಮ್ಮ ಕಾರಿನಲ್ಲಿ ಇದು ನೂರು ಕಿಲೋವಿನಷ್ಟಾಗಬಹುದು. ಹಿಡಿತವು ೫೭೦ ಕಿಲೋವರೆಗೆ ಏರಬಹುದು. ಪಂದ್ಯಗಾರನಿಗೆ ಇದು ಲಾಭ. ಆದರೆ ಹಿಡಿತವು ಬಹಳ ಹೆಚ್ಚಾದರೆ ಮುಂದಣ ಗಾಲಿಗಳು ನೆಲವನ್ನೇ ಬಿಟ್ಟು ಏಳುತ್ತವೆ. ಅದಕ್ಕಾಗಿಯೇ ಬಲವಾದ ಪಂದ್ಯದ ಕಾರುಗಳ ಹಿಂದೆ ಪುಟ್ಟ ಗಾಲಿಗಳುಳ್ಳ ಊರುಗೋಲನ್ನು ಚಾಚಿರುತ್ತಾರೆ.

ತೋಟದ ಟ್ರ್ಯಾಕ್ಟರಿಗೆ ಅಂಥ ಊರುಗೋಲಿಲ್ಲ. ಮುಂದಣ ಗಾಲಿಗಳ ಮೇಲೆ ೬೦೦ ಕಿಲೋ ಭಾರ. ಎರಡು ಅಚ್ಚುಗಳ ನಡುವೆ ೧.೯ ಮೀಟರು. ಮುಂಭಾಗವನ್ನು ಎತ್ತಲು ಬೇಕಾದ ತಿರುಗುಬಲ ೧೧೪೦ ಕಿಲೋ-ಮೀಟರು. ಎಂಜಿನ್ನು ಕೆಳಗಣ ಗೇರಿನಲ್ಲಿ ಕೊಡಬಲ್ಲದ್ದು ೧೮೦೦. ಹಾಗಿದ್ದೂ ಟ್ರ್ಯಾಕ್ಟರು ದಿನವೂ ಮಗುಚದಿರುವುದೇಕೆ? ಗಾಲಿಗಳು ಜಾರುವುದರಿಂದ! ಒಣನೆಲದಲ್ಲಿಯೂ ೮೪೦ ಕಿಲೋ ಬಲಕ್ಕೆ, ಎಂದರೆ ಸುಮಾರು ೫೦೦ ಕಿಲೋ-ಮೀಟರು ತಿರುಗುಬಲಕ್ಕೆ, ಗಾಲಿ ಜಾರಿಬಿಡುತ್ತದೆ. ನಾವು ಶಪಿಸುವ ಆ ಜಾರಾಟವೇ ಚಾಲಕನ ಪ್ರಾಣರಕ್ಷಕ.

ಹೂತ ಗಾಲಿಗೆ ಮರದ ತುಂಡನ್ನು ಸರಪಳಿಯಿಂದ ಬಿಗಿದು ಎಬ್ಬಿಸುವವರು ಈ ರಕ್ಷೆಯನ್ನು ತಾವೇ ಕಿತ್ತೆಸೆಯುತ್ತಾರೆ. ಗಾಲಿ ತಿರುಗಲಾರದು, ಆಗ ಎಂಜಿನ್ನು ಅಚ್ಚಿನ ಸುತ್ತ ಟ್ರ್ಯಾಕ್ಟರನ್ನೇ ತಿರುಗಿಸುತ್ತದೆ. ಮೂತಿ ಮೇಲೆದ್ದು ಗಾಡಿ ಬೆನ್ನಮೇಲೆ ಮಗುಚಲು ಒಂದೂವರೆ ಸೆಕೆಂಡು ಸಾಕು. ಕ್ಲಚ್ಚನ್ನು ಒತ್ತಬೇಕೆಂದು ಚಾಲಕನಿಗೆ ಹೊಳೆಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಎಳೆಯುವ ಸರಪಳಿಯನ್ನು ಎತ್ತರದಲ್ಲಿ ಕಟ್ಟುವುದೂ ಇಂಥದೇ ತಪ್ಪು. ನೆಲದಿಂದ ೦.೪೫ ಮೀಟರು ಎತ್ತರದ ಕೊಂಡಿಗೆ ಕಟ್ಟಿ ೮೪೦ ಕಿಲೋ ಬಲದಿಂದ ಎಳೆದರೆ ಮಗುಚುವ ಬಲ ೩೭೮, ೧.೨ ಮೀಟರು ಎತ್ತರದಲ್ಲಿ ಕಟ್ಟಿದರೆ ೧೦೦೮. ತಡೆಯುವ ಬಲ ೧೧೪೦ ಮಾತ್ರ. ದಾರಿ ಸ್ವಲ್ಪ ಏರಾಗಿದ್ದರೆ, ಕ್ಲಚ್ಚನ್ನು ಥಟ್ಟನೆ ಬಿಟ್ಟರೆ, ಉಳಿದ ಅಲ್ಪ ಅಂತರವೂ ಹೋದಂತೆಯೇ.

ಆದುದರಿಂದ ಗಾಡಿ ಹೂತಾಗ ಮಾಡತಕ್ಕದ್ದು ಇಷ್ಟು. ಎಂಜಿನ್ನಿನ ವೇಗವನ್ನು ತಗ್ಗಿಸಬೇಕು. ಟ್ರೇಲರನ್ನು ಬಿಚ್ಚಬೇಕು, ಇಲ್ಲವೆ ಭಾರವನ್ನು ಇಳಿಸಬೇಕು. ಗಾಲಿಯ ಸುತ್ತಣ ಮಣ್ಣನ್ನು ಬಗೆದು, ತೆಂಗಿನ ಮಟ್ಟೆಯನ್ನೋ ಸಿಪ್ಪೆಯನ್ನೋ ದಾರಿಗೆ ಹಾಸಬಹುದು. ಗಾಲಿಗೆ ಏನನ್ನೂ ಬಿಗಿಯಬಾರದು. ಸಾಧ್ಯವಿದ್ದಲ್ಲಿ ಬಿಚ್ಚಿದ ಟ್ರ್ಯಾಕ್ಟರನ್ನು ಹಿಂದಕ್ಕೇ ಹೊರಡಿಸಬೇಕು. ಹಿಂಗೇರಿನಲ್ಲಿ ತಿರುಗುಬಲವು ಮೂತಿಯನ್ನು ಎತ್ತದೆ ನೆಲಕ್ಕೆ ಒತ್ತುತ್ತದೆ. ಎಳೆಯುವುದಾದರೆ ಅಚ್ಚಿಗಿಂತ ಕೆಳಗಣ ಕೊಂಡಿಯಿಂದಲೇ ಎಳೆಯಬೇಕು. ಹಿಂದೆ ಮುಂದೆ ಯಾರೂ ನಿಲ್ಲಬಾರದು. ಚಾಲಕನ ತಲೆಯ ಮೇಲೆ ಉಕ್ಕಿನ ಚೌಕಟ್ಟೂ ಸೊಂಟಕ್ಕೆ ಪಟ್ಟಿಯೂ ಇದ್ದರೆ, ಮಗುಚಿದರೂ ಜೀವ ಉಳಿಯುವ ಸಂಭವ ಬಹಳ ಹೆಚ್ಚು.

ಎಂಜಿನ್ನು ಎಷ್ಟು ಕೊಡಬಲ್ಲದೆಂಬುದು ಒಂದು ಪ್ರಶ್ನೆ. ನೆಲವು ಎಷ್ಟನ್ನು ಒಪ್ಪುವುದೆಂಬುದು ಇನ್ನೊಂದು. ಪಂದ್ಯದಲ್ಲಿ ಎರಡನೆಯದನ್ನು ಮರೆತವನು ಸೋಲುತ್ತಾನೆ. ತೋಟದಲ್ಲಿ ಮರೆತವನು ತೆರಬೇಕಾಗುವ ಬೆಲೆ ಅದಕ್ಕಿಂತ ದೊಡ್ಡದು.