ಕೊರಳಿನ ಕಾವಲುಗಾರ

ತಲೆಗೂ ಮುಂಡಕ್ಕೂ ನಡುವಣ ಕೊರಳು ಒಂದು ಇಕ್ಕಟ್ಟಾದ ಹಾದಿ. ಉಸಿರು, ಅನ್ನ, ರಕ್ತ, ಮಿದುಳಿನ ಆಜ್ಞೆ ಎಲ್ಲವೂ ಇದರ ಮೂಲಕವೇ ಸಾಗಬೇಕು. ಕನ್ನಡಿಯ ಮುಂದೆ ನಿಂತು ಮುಖವನ್ನು ಎಡಕ್ಕೆ ತಿರುಗಿಸಿದರೆ, ಬಲಗಿವಿಯ ಹಿಂಬದಿಯಿಂದ ಎದೆಯ ಮೇಲ್ತುದಿಯವರೆಗೆ ಓರೆಯಾಗಿ, ಹುರಿಗೊಂಡ ಹಗ್ಗದಂತೆ ಎದ್ದು ನಿಲ್ಲುವ ಸ್ನಾಯುವೊಂದು ಕಾಣುತ್ತದೆ.

ವೈದ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಟರ್ನೊಕ್ಲೈಡೊಮಾಸ್ಟಾಯ್ಡ್. ಹೆಸರು ಉದ್ದವಾದರೂ ಅರ್ಥ ಸರಳ. ಎದೆಯೆಲುಬು ಮತ್ತು ಕೊರಳೆಲುಬುಗಳಿಂದ ಎರಡು ಕವಲಾಗಿ ಹೊರಟು, ಕಿವಿಯ ಹಿಂದಿರುವ ಮಾಸ್ಟಾಯ್ಡ್ ಎಂಬ ಎಲುಬಿನ ಉಬ್ಬನ್ನು ಸೇರುವ ಸ್ನಾಯು ಎಂಬುದೇ ಆ ಅರ್ಥ. ಬಲಗಡೆಯದು ಸಂಕುಚಿಸಿದರೆ ಮುಖ ಎಡಕ್ಕೆ ಹೊರಳುತ್ತದೆ. ಎಡಗಡೆಯದು ಸಂಕುಚಿಸಿದರೆ ಬಲಕ್ಕೆ. ಎರಡೂ ಒಟ್ಟಾಗಿ ದುಡಿದಾಗ ಮಲಗಿದವನ ತಲೆ ದಿಂಬಿನಿಂದ ಮೇಲೇಳುತ್ತದೆ.

ಈ ಸ್ನಾಯುವಿನ ಮರೆಯಲ್ಲಿ, ಒಂದೇ ಪೊರೆಯೊಳಗೆ, ಮೂವರು ನೆರೆಯವರಿದ್ದಾರೆ. ತಲೆಗೆ ರಕ್ತವನ್ನೊಯ್ಯುವ ಕೆರೋಟಿಡ್ ಅಪಧಮನಿ, ರಕ್ತವನ್ನು ಹೃದಯದತ್ತ ಮರಳಿಸುವ ಒಳ ಜುಗುಲರ್ ಅಭಿಧಮನಿ, ಇವೆರಡರ ನಡುವೆ ಹಿಂಬದಿಯಲ್ಲಿ ಹೃದಯ ಜಠರಗಳತ್ತ ಇಳಿಯುವ ವೇಗಸ್ ನರ. ಸ್ನಾಯುವಿನ ಮುಂದಂಚಿನಲ್ಲಿ ಬೆರಳನ್ನು ಮೆಲ್ಲಗೆ ಇರಿಸಿದರೆ ಅಪಧಮನಿಯ ಮಿಡಿತ ತಿಳಿಯುತ್ತದೆ. ಆದರೆ ಎರಡೂ ಕಡೆ ಏಕಕಾಲಕ್ಕೆ ಒತ್ತಬಾರದು. ಮಿದುಳಿಗೆ ರಕ್ತ ಸಾಲದೆ ಮೂರ್ಛೆ ಬಂದೀತು.

ಸ್ನಾಯುವಿಗೆ ಚಲನೆಯ ಆಜ್ಞೆಯನ್ನು ತರುವುದು ಹನ್ನೊಂದನೆಯ ಕಪಾಲ ನರ. ಅದು ಸ್ನಾಯುವಿನ ಹಿಂದಂಚಿನಿಂದ ಹೊರಬಂದು, ಹೆಚ್ಚು ಆಳವಿಲ್ಲದೆ ಸಾಗಿ, ಹೆಗಲಿನ ಟ್ರಪೀಸಿಯಸ್ ಸ್ನಾಯುವನ್ನು ಸೇರುತ್ತದೆ. ಅದು ತುಂಡಾದರೆ ಹೆಗಲು ಜೋಲುತ್ತದೆ. ತೋಳನ್ನು ತಲೆಯ ಮೇಲಕ್ಕೆತ್ತುವುದು ಕಷ್ಟವಾಗುತ್ತದೆ.

ಈ ನರದ ಬೆಲೆಯನ್ನು ವೈದ್ಯಲೋಕವು ಅರಿತುಕೊಂಡ ಬಗೆ ಬೋಧಪ್ರದವಾದುದು. ತಂಬಾಕಿನ ಸೇವನೆಯಿಂದ ಉಂಟಾಗುವ ಬಾಯಿಯ ಕ್ಯಾನ್ಸರ್ ಕೊರಳಿನ ದುಗ್ಧಗ್ರಂಥಿಗಳಿಗೆ ಹರಡುವುದುಂಟು. ಅಂತಹ ಗ್ರಂಥಿಗಳನ್ನು ಸಮೂಲವಾಗಿ ತೆಗೆಯುವ ಕ್ರಮವನ್ನು ಅಮೆರಿಕದ ಜಾರ್ಜ್ ಕ್ರೈಲ್ 1906ರಲ್ಲಿ ಪ್ರಕಟಿಸಿದರು. ಮುಂದೆ ಗ್ರಂಥಿಗಳೊಡನೆ ಈ ಸ್ನಾಯು, ಜುಗುಲರ್ ಅಭಿಧಮನಿ, ಹನ್ನೊಂದನೆಯ ನರ ಮೂರನ್ನೂ ತೆಗೆದುಹಾಕುವುದು ದಶಕಗಳ ಕಾಲ ರೂಢಿಯಾಯಿತು. ಪ್ರಾಣ ಉಳಿದರೂ ಅನೇಕರ ತೋಳು ಸೋತಿತು. 1963ರಲ್ಲಿ ಅರ್ಜೆಂಟೀನಾದ ಓಸ್ವಾಲ್ಡೊ ಸ್ವಾರೆಜ್, ರೋಗ ತಾಗದಿರುವಲ್ಲಿ ಇವನ್ನು ಉಳಿಸಿಕೊಂಡೇ ಗ್ರಂಥಿಗಳನ್ನು ತೆಗೆಯುವ ಕ್ರಮವನ್ನು ವಿವರಿಸಿದರು.

ಇಂದಿಗೂ ಶಸ್ತ್ರವೈದ್ಯರಿಗೆ ಈ ಸ್ನಾಯುವೇ ದಾರಿ ತೋರುವ ಗುರುತು. ಅದರ ನೆರೆಹೊರೆಯನ್ನು ಚೆನ್ನಾಗಿ ಅರಿತವರ ಕೈಯಲ್ಲಿ ರೋಗಿಯ ಪ್ರಾಣವೂ ಉಳಿಯಬಲ್ಲದು, ದುಡಿಯುವ ತೋಳೂ ಉಳಿಯಬಲ್ಲದು.